ಅಜ್ಜಿ ಬಿದ್ದದ್ದು ಯಂತ್ರಕ್ಕೆ ತಿಳಿಯುವ ಬಗೆ

ತಾಳಿಕೋಟೆ ಸೀಮೆಯ ಹಲವು ಮನೆಗಳಲ್ಲಿ ನೆಲಕ್ಕೂ ಬಚ್ಚಲಿಗೂ ಪರಸಿ ಕಲ್ಲು. ಸಾಬೂನು ನೀರು ಬಿದ್ದರೆ ಜಾರುತ್ತದೆ. ಮನೆಮಂದಿ ಹೊಲಕ್ಕೆ ಹೋದಾಗ ಅಜ್ಜಿ ಬಿದ್ದರೆ, ಪೆಟ್ಟಿಗಿಂತಲೂ ಏಳಲಾಗದೆ ಗಂಟೆಗಟ್ಟಲೆ ಬಿದ್ದಿರುವುದೇ ಕೆಲವೊಮ್ಮೆ ಹೆಚ್ಚು ಅಪಾಯ.

ಇದನ್ನು ಗುರುತಿಸುವ ಕೈಗಡಿಯಾರಗಳಿವೆ. ಆಪಲ್ ಕಂಪನಿ 2018ರಲ್ಲಿ ತನ್ನ ಗಡಿಯಾರಕ್ಕೆ ಈ ಸೌಲಭ್ಯ ಸೇರಿಸಿತು. ಒಳಗಿರುವುದು ವೇಗೋತ್ಕರ್ಷ ಮಾಪಕ. ವಿದ್ಯಾರ್ಥಿ ಮಿತ್ರರೇ, ಭೌತಶಾಸ್ತ್ರದ 9.8 ನೆನಪಿದೆಯಲ್ಲವೇ? ಸುಮ್ಮನೆ ಕುಳಿತಾಗ ಮಾಪಕ ತೋರಿಸುವುದು ಅದನ್ನೇ. ಕೈಜಾರಿ ಬೀಳುವ ಕಲ್ಲಿಗೆ ಕಟ್ಟಿದ್ದರೆ ಅದು ಸೊನ್ನೆಯ ಹತ್ತಿರ ಇಳಿಯುತ್ತದೆ. ಮನುಷ್ಯ ಬೀಳುವಾಗ ಪೂರ್ತಿ ಸೊನ್ನೆಯಾಗದು, ಕಾಲು ನೆಲಕ್ಕೆ ತಾಗಿಯೇ ಇರುತ್ತದಲ್ಲ! ಕ್ಷಣಕಾಲದ ಆ ಇಳಿತ, ಕೂಡಲೇ ದೊಡ್ಡ ಏರಿಕೆ, ಬಳಿಕ ನಿಶ್ಚಲತೆ. ಮೂರೂ ಸಾಲಾಗಿ ಬಂದರೆ ಯಂತ್ರ ಬಿದ್ದರೆಂದು ತೀರ್ಮಾನಿಸಿ, ಉತ್ತರ ಬಾರದಿದ್ದರೆ ಸಹಾಯಕ್ಕೆ ಕರೆ ಮಾಡುತ್ತದೆ.

ತೊಡಕೂ ಉಂಟು. ನಮ್ಮ ಹಿರಿಯರು ಊಟಕ್ಕೆ ನೆಲದ ಮೇಲೆ ಧೊಪ್ಪನೆ ಕೂತರೂ ಬಿದ್ದಂತೆ ಕಾಣಬಹುದು. ಗೋಡೆಗೊರಗಿ ಮೆಲ್ಲಗೆ ಕುಸಿದರೆ ಗೊತ್ತೇ ಆಗದಿರಬಹುದು. ಬಚ್ಚಲಿಗೆ ಹೋಗುವಾಗ ಗಡಿಯಾರ ಕಳಚಿಟ್ಟರಂತೂ ಮುಗಿಯಿತು. ಆದ್ದರಿಂದ ಬಚ್ಚಲ ಗೋಡೆಗೆ ಮೊದಲು ಒಂದು ಹಿಡಿಕೆ ಹಾಕಿಸಿ. ಅದರ ಖರ್ಚು ಗಡಿಯಾರಕ್ಕಿಂತ ಎಷ್ಟೋ ಕಡಿಮೆ. ಬಿದ್ದವರಿಗೆ ಸೊಂಟ, ತೊಡೆ ನೋಯುತ್ತಿದ್ದರೆ ಎಳೆದು ಎಬ್ಬಿಸದೆ 108ಕ್ಕೆ ಕರೆ ಮಾಡಿ.