ಹೊಸ ಬೂಟು ಪಾದಕ್ಕೆ ಒಗ್ಗುವ ಬಗೆ

ಮನೆಯ ಹುಡುಗನಿಗೆ ಶಾಲೆಯ ಕಾಲ್ಚೆಂಡಿನ ತಂಡದಲ್ಲಿ ಸ್ಥಾನ ದೊರೆಯಿತೆಂದರೆ ಮೊದಲು ಎದುರಾಗುವ ಖರ್ಚು ಬೂಟಿನದು. ತಿಂಗಳ ಸಂಸಾರವೆಚ್ಚದಲ್ಲಿ ಅಷ್ಟಿಷ್ಟು ಉಳಿಸಿ ತಂದ ತೊಗಲಿನ ಬೂಟನ್ನು ಮರುದಿನದ ಪಂದ್ಯಕ್ಕೇ ತೊಡಬೇಕೆಂಬ ಆತುರ ಹುಡುಗರಿಗೆ ಸಹಜ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಅರ್ಧ ಆಟ ಮುಗಿಯುವ ಮೊದಲೇ ಹಿಮ್ಮಡಿಯಲ್ಲಿ ಬೊಕ್ಕೆಯೆದ್ದು ಹುಡುಗ ಕುಂಟುತ್ತ ಹೊರಬಂದ. ಅದು ಸಾಲದೆಂಬಂತೆ, ಮಳೆಯಲ್ಲಿ ನೆನೆದ ಬೂಟನ್ನು ನಾವು ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದೆವು. ಬೆಳಿಗ್ಗೆ ನೋಡಿದರೆ ತೊಗಲು ಸೆಟೆದು, ಬೆರಳು ಮಡಿಯುವೆಡೆಯಲ್ಲಿ ಬಿರುಕು ಬಿಟ್ಟಿತ್ತು. ಮತ್ತೊಂದು ಜೊತೆ ಕೊಳ್ಳಲು ಒಂದು ವರ್ಷ ಹಿಡಿಯಿತು.

ತೊಗಲಿನ ಸ್ವಭಾವವನ್ನು ತಿಳಿಯದೆ ಮಾಡಿದ ತಪ್ಪು ಇದು. ದಿಂಡಿಗಲ್ಲು ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೆಸರಾದ ಊರು. ಆವಾರೈ ಎಂದು ಇಲ್ಲಿಯವರು ಕರೆಯುವ ನಮ್ಮ ತಂಗಡಿ ಗಿಡದ ತೊಗಟೆಯಿಂದ, ಅಳಲೆಕಾಯಿಯಿಂದ ಚರ್ಮವನ್ನು ಹದಗೊಳಿಸುವುದು ದಕ್ಷಿಣ ದೇಶದ ಹಳೆಯ ಪದ್ಧತಿ. ಹದಗೊಂಡ ಚರ್ಮದ ಎಳೆಗಳ ನಡುವೆ ಎಣ್ಣೆಯ ಅಂಶ ಸೇರಿಸಿರುತ್ತಾರೆ. ಅದರಿಂದಲೇ ತೊಗಲು ಬಾಗುತ್ತದೆ. ಬೆಂಕಿಯ ಕಾವಿಗೆ ಒದ್ದೆಯ ಎಳೆಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಳಿಕ ಬಾಗದೆ ಸೀಳುತ್ತವೆ.

ಬರಿಗಾಲಿನಲ್ಲಿ ಆಡಿದರೆ ಸಾಲದೇ ಎಂದು ಹಿರಿಯರು ಕೇಳುವುದುಂಟು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿ, ಫ್ರಾನ್ಸಿಗೆ 2–1ರಿಂದಷ್ಟೇ ಸೋತರು. ಭಾರತದ ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಆದರೆ 1952ರಲ್ಲಿ, ಹೆಲ್ಸಿಂಕಿಯಲ್ಲಿ, ಯುಗೋಸ್ಲಾವಿಯಾ 10–1ರಿಂದ ಸೋಲಿಸಿದ ಮೇಲೆ ಬೂಟು ಕಡ್ಡಾಯವಾಯಿತು. ಅದಕ್ಕೆ ಒಗ್ಗಿಕೊಂಡ ತಂಡ 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು; ಕನ್ನಡನಾಡಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಬೂಟು ಬೇಕು, ಒಗ್ಗಿಕೊಳ್ಳಲು ಕಾಲಾವಕಾಶವೂ ಬೇಕು.

ಬೂಟನ್ನು ಸಂಜೆಯ ವೇಳೆ ಕೊಳ್ಳುವುದು ಲೇಸು. ದಿನವಿಡೀ ನಡೆದ ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಆಟದಲ್ಲಿ ತೊಡುವ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಬೇಕು. ತೊಗಲು ಅಗಲಕ್ಕೆ ಹಿಗ್ಗುವುದೇ ಹೊರತು ಉದ್ದಕ್ಕೆ ಹಿಗ್ಗದು. ಬೆಳೆಯುವ ಮಗುವೆಂದು ಎರಡಳತೆ ದೊಡ್ಡದನ್ನು ತಂದರೆ ಪಾದ ಒಳಗೆ ಜಾರಿ ಬೊಕ್ಕೆಯೇಳುವುದು. ಕಂಬಂ ಕಣಿವೆಯ ಬೇಸಗೆಯ ಗಟ್ಟಿ ನೆಲಕ್ಕೆ ಗಿಡ್ಡನೆಯ, ಸಂಖ್ಯೆಯಲ್ಲಿ ಹೆಚ್ಚಾದ ರಬ್ಬರಿನ ಗುಬ್ಬಿಗಳೇ ತಕ್ಕವು. ಉದ್ದನೆಯ ಲೋಹದ ಗುಬ್ಬಿಗಳು ಕೆಸರುನೆಲಕ್ಕೆ.

ಮೊದಲ ಮೂರು ನಾಲ್ಕು ದಿನ ಮನೆಯೊಳಗೆ ಚಾಪೆಯ ಮೇಲೆ ಇಪ್ಪತ್ತು ನಿಮಿಷ ತೊಟ್ಟು ನಡೆದಾಡಿದರೆ ಸಾಕು. ಆಮೇಲೆ ಹುಲ್ಲಿನ ಮೇಲೆ ಮೆಲ್ಲನೆಯ ಓಟ, ಬಳಿಕ ಅಭ್ಯಾಸದ ಅರ್ಧಗಂಟೆ, ಕಡೆಯಲ್ಲಿ ಪಂದ್ಯ. ಚಿನ್ನಾಳಪಟ್ಟಿಯ ನೇಯ್ಗೆಯ ಮನೆಗಳವರಿಗೆ ಇದನ್ನು ಹೇಳಬೇಕಾಗಿಲ್ಲ; ಹಾಸಿನ ಎಳೆಯನ್ನು ಒಮ್ಮೆಲೇ ಬಿಗಿದರೆ ಏನಾಗುವುದೆಂದು ಅವರು ಬಲ್ಲರು. ಬಿಸಿನೀರಿನಲ್ಲಿ ನೆನೆಸಿ ಬೇಗ ಸಡಿಲಿಸುವ ಉಪಾಯ ಬೇಡ. ಉಜ್ಜಿ ಕೆಂಪಾದೆಡೆಗೆ ಮುಂಚೆಯೇ ಪಟ್ಟಿ ಅಂಟಿಸಬೇಕು. ಬೊಕ್ಕೆಯೆದ್ದರೆ ಒಡೆಯದೆ, ವಾಸಿಯಾಗುವವರೆಗೆ ಬೂಟನ್ನು ದೂರವಿಡಬೇಕು.

ಆಟ ಮುಗಿದೊಡನೆ ಮಣ್ಣನ್ನು ಉದುರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಕಟ್ಟುದಾರ ಸಡಿಲಿಸಿಡಬೇಕು. ಹಿಂಗಾರು ಮಳೆಯಲ್ಲಿ ನೆನೆದರೆ ಹಳೆಯ ಪತ್ರಿಕೆಯನ್ನು ಒಳಗೆ ತುರುಕಿ, ನೀರು ಹೀರಿದಂತೆ ಬದಲಿಸುತ್ತ, ಗಾಳಿಯಾಡುವ ನೆರಳಿನಲ್ಲಿ ಆರಿಸಬೇಕು. ಬಿಸಿಲೂ ಬೇಡ, ಒಲೆಯೂ ಬೇಡ. ಚೆನ್ನಾಗಿ ಆರಿದ ಮೇಲೆ ತೊಗಲಿನ ಮುಲಾಮನ್ನು ತೆಳ್ಳಗೆ ಸವರಬೇಕು. ಎಣ್ಣೆ ಸುರಿದರೆ ತೊಗಲು ಜೋಲುತ್ತದೆ, ಹೊಲಿಗೆಯೂ ಸಡಿಲವಾಗುತ್ತದೆ.

ನಮ್ಮ ಹುಡುಗನ ಎರಡನೆಯ ಜೊತೆ ಹೀಗೆ ಎರಡು ವರ್ಷ ಬಾಳಿತು. ಅವನ ಪಾದ ಬೆಳೆದ ಮೇಲೆ ತಮ್ಮನಿಗೆ ತೊಡಿಸಿ ನೋಡಿದೆವು. ಅಳತೆ ಸರಿಯಿದ್ದರೂ ತಮ್ಮನಿಗೆ ನೋವಾಯಿತು. ತೊಗಲಿನಲ್ಲಿ ಅಣ್ಣನ ಬೆರಳುಗಳ ಅಚ್ಚು ಆಗಲೇ ಮೂಡಿತ್ತು. ತಮ್ಮನಿಗೆಂದು ಈಗ ಮತ್ತೆ ಹಣ ಕೂಡಿಡುತ್ತಿದ್ದೇವೆ.