ಮಂಗ ಸತ್ತ ಸುದ್ದಿಗೇಕೆ ಇಷ್ಟು ಮಹತ್ವ?

ಚಳಿ ಕಳೆದು ಮಲೆನಾಡಿನ ಕಾಡು ಒಣಗತೊಡಗಿದಾಗ ಹಳ್ಳಿಯ ಜನ ತರಗೆಲೆ ಗುಡಿಸಲು, ಸೌದೆ ತರಲು ಹೊರಡುತ್ತಾರೆ. ಆ ದಿನಗಳಲ್ಲಿ ದಾರಿಯಲ್ಲೊಂದು ಮಂಗ ಸತ್ತು ಬಿದ್ದಿದೆಯೆಂದರೆ ಊರಿಗೆ ಊರೇ ಅಳುಕುತ್ತದೆ. ಈ ಅಳುಕು ಹುಟ್ಟಿದ್ದು 1957ರಲ್ಲಿ.

ಆ ವರ್ಷ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಸುದ್ದಿ ತಲುಪಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಮೊದಲು ಬಂದ ಸಂಶಯ ಪೀತಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಆ ಜ್ವರದ ಮುನ್ಸೂಚನೆ. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲೂ ಉಂಟು. ರೋಗ ಮಾತ್ರ ಇಲ್ಲಿಗೆ ಕಾಲಿಟ್ಟಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ಒಂದು ವೈರಾಣು. ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಾಣುವಿಗೆ ಅದು ಹತ್ತಿರದ ಸಂಬಂಧಿ. ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ'.

ಹೆಸರು ಮಂಗನದಾದರೂ ರೋಗ ಹರಡುವುದು ಉಣುಗು. ವೈರಾಣು ಇರುವ ಉಣುಗು ಕಚ್ಚಿದರೆ ಮಂಗಕ್ಕೂ ಜ್ವರ, ಮನುಷ್ಯನಿಗೂ ಜ್ವರ. ಮಂಗ ಸತ್ತು ಮೈ ತಣ್ಣಗಾದೊಡನೆ ರಕ್ತ ಹೀರುತ್ತಿದ್ದ ಉಣುಗುಗಳು ಕಳಚಿ ನೆಲಕ್ಕೆ ಬೀಳುತ್ತವೆ. ಅಲ್ಲಿ ಓಡಾಡಿದವರಿಗೆ ಅಪಾಯ ಕಾದಿರುತ್ತದೆ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವುದುಂಟು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಆದ್ದರಿಂದಲೇ ಈ ಕಾಯಿಲೆಯ ಮೇಲಿನ ಕಣ್ಗಾವಲು ಆಸ್ಪತ್ರೆಯಲ್ಲಲ್ಲ, ಕಾಡಿನಂಚಿನಲ್ಲಿ ಶುರುವಾಗಬೇಕು. ಸತ್ತ ಮಂಗನ ಸುದ್ದಿ ಬಂದರೆ ಪಶುವೈದ್ಯರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಿಬ್ಬಂದಿ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿಯುತ್ತಾರೆ, ಸುತ್ತ ಕೀಟನಾಶಕದ ಪುಡಿ ಎರಚುತ್ತಾರೆ. ಜ್ವರ ಬಂದವರ ಹುಡುಕಾಟ ಮನೆಮನೆಯಲ್ಲೂ ನಡೆಯುತ್ತದೆ. ಮಂಗ ಸತ್ತಲ್ಲೆಲ್ಲ ಈ ಕಾಯಿಲೆಯೇ ಇರಬೇಕೆಂದಿಲ್ಲ; ಪರೀಕ್ಷೆಯಾಗದೆ ಅದು ತಿಳಿಯುವುದೂ ಇಲ್ಲ.

ತೊಡಕಿರುವುದು ಇಲ್ಲಿಯೇ. ದಟ್ಟ ಕಾಡಿನಲ್ಲಿ ಸತ್ತ ಮಂಗ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. ಊರಲ್ಲಿ ಸತ್ತರೆ ಹನುಮಂತನ ರೂಪವೆಂದು ಭಕ್ತಿಯಿಂದ ಮಣ್ಣು ಮಾಡುವವರಿದ್ದಾರೆ. ಆ ಭಕ್ತಿ ದೊಡ್ಡದು, ಆದರೆ ಬರಿಗೈಯಲ್ಲಿ ಮುಟ್ಟಿದವರ ಮೈಗೆ ಉಣುಗು ಹತ್ತಬಹುದು.

ಕಾಯಿಲೆ ಈಗ ಸೊರಬದ್ದಷ್ಟೇ ಅಲ್ಲ. 2012ರಲ್ಲಿ ಬಂಡೀಪುರದಲ್ಲಿ, ಆ ಬಳಿಕ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮರುಕಳಿಸಿ ಹಲವು ಜೀವ ತೆಗೆಯಿತು. ವರ್ಷಗಟ್ಟಲೆ ಕೊಟ್ಟ ಲಸಿಕೆ ಸತ್ವ ಸಾಲದೆಂದು 2022ರಲ್ಲಿ ನಿಂತುಹೋಯಿತು. ಬಳಿಕ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಳ್ಳಲಾಯಿತು.

ನೇರವಾಗಿ ಗುಣಪಡಿಸುವ ಔಷಧಿ ಇಲ್ಲದ ಈ ಜ್ವರಕ್ಕೆ ಮುನ್ನೆಚ್ಚರಿಕೆಯೇ ಮದ್ದು. ಸತ್ತ ಮಂಗನನ್ನು ಮುಟ್ಟದೆ, ಕಂಡ ಜಾಗವನ್ನು ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ಅದೇ ದಿನ ತಿಳಿಸುವ ಹಳ್ಳಿಗನೇ ಈ ಕಣ್ಗಾವಲಿನ ಮೊದಲ ಕಾವಲುಗಾರ.