ನಿಮಗಿದು ಗೊತ್ತೆ? ಸಡಿಲ ಕಡ್ಡಿಯೇ ಬೇಗ ಮುರಿಯುತ್ತದೆ!

ಮೌಂಟನ್ ಬೈಕಿನ ಚಕ್ರದ ಕಡ್ಡಿ ಸಾಮಾನ್ಯವಾಗಿ ಮುರಿಯುವುದು ಕಲ್ಲಿಗೆ ಬಡಿದ ಒಂದೇ ಏಟಿಗಲ್ಲ, ಲೋಹದ ದಣಿವಿನಿಂದ. 29 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 430 ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ನೆಲದ ಕಡೆ ಬಂದ ಕಡ್ಡಿಯ ಬಿಗಿ ಇಳಿದು, ಮೇಲೆದ್ದೊಡನೆ ಮತ್ತೆ ಏರುತ್ತದೆ. ಸಾವಿರ ಕಿ.ಮೀ. ಎಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಬಾರಿ! ಕಡ್ಡಿ ಸಡಿಲವಿದ್ದರೆ ಹಬ್‌ಗೆ ಸಿಕ್ಕಿಸಿದ ಬಾಗಿನಲ್ಲಿ ಅಲುಗಾಡಿ, ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಚಕ್ರದ ಈ ಒಳಗುಟ್ಟನ್ನು ಲೆಕ್ಕ ಸಮೇತ ವಿವರಿಸಿದರು. ಇನ್ನೂ ಸೋಜಿಗವೆಂದರೆ, ತುದಿಯಲ್ಲಿ 2 ಮಿ.ಮೀ. ಇದ್ದು ನಡುವೆ 1.8ಕ್ಕೆ ತೆಳುವಾಗಿಸಿದ ಕಡ್ಡಿಯೇ ಹೆಚ್ಚು ಬಾಳುತ್ತದೆ. ತೆಳು ಭಾಗ ಹಿಗ್ಗಿ, ಬಾಗಿನ ಮೇಲಿನ ಒತ್ತಡ ತಗ್ಗಿಸುತ್ತದೆ. ಹೊಸ ಚಕ್ರವಾದರೆ ಮೊದಲ ಕೆಲವು ಸವಾರಿಗಳ ಬಳಿಕ ಬಿಗಿ ನೋಡಿಸಿ, ಬೆಂಡ್ ತೆಗೆಸಲೇಬೇಕು.